ಬಲ್ಬ್ ಬದಲಿಸಿದರೆ ರಿಪೇರಿ ಆಯಿತೇ?

ಕೋಲಾರದ ಎಪಿಎಂಸಿ ಬಳಿ ಇವತ್ತು ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಟೊಮೆಟೊ ಕ್ರೇಟ್ ತುಂಬಿದ್ದ ಹಳೆಯ ಲಾರಿ. ಚಾಲಕ ಬ್ರೇಕ್ ತುಳಿದರೆ ಹಿಂದಿನ ಕೆಂಪು ದೀಪ ಜೋರಾಗುವುದು ಬಿಟ್ಟು ಮಂಕಾಗುತ್ತಿತ್ತು. ಪಕ್ಕದ ಇಂಡಿಕೇಟರ್ ಸುಮ್ಮಸುಮ್ಮನೆ ಮಿಣುಕುತ್ತಿತ್ತು. ಬಂದ ಎಲೆಕ್ಟ್ರಿಷಿಯನ್ ಬಲ್ಬ್ ಬದಲಿಸಿದ. ಆಗಲಿಲ್ಲ. ಮತ್ತೊಂದು ಬಲ್ಬ್ ಹಾಕಿದ. ಕೊನೆಗೆ ಟೇಪ್ ಸುತ್ತಿ, "ಸದ್ಯಕ್ಕೆ ನಡೆಯುತ್ತದೆ, ಹೊರಡಿ ಅಣ್ಣ" ಎಂದುಬಿಟ್ಟ.

ಲಾರಿಗಳ ಜೊತೆಗೇ ನಾನು ಬದುಕಿದವನು. ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಅದು ಬಲ್ಬ್‌ನ ದೋಷವಲ್ಲ, ಅರ್ತಿಂಗ್‌ನದು. ಹಳೆಯ ಲಾರಿಯಲ್ಲಿ ದೀಪದ ಕರೆಂಟು ಬ್ಯಾಟರಿಗೆ ಮರಳುವುದು ಚಾಸಿಯ, ಅಂದರೆ ಲಾರಿಯ ತಳದ ಚೌಕಟ್ಟಿನ, ಕಬ್ಬಿಣದ ಮೂಲಕ. ದೀಪದ ಬೋಲ್ಟ್‌ಗೆ ತುಕ್ಕು ಹಿಡಿದು ಆ ದಾರಿ ಮುಚ್ಚಿದರೆ 21 ವ್ಯಾಟ್‌ನ ಬ್ರೇಕ್ ದೀಪದ ಕರೆಂಟು ಪಕ್ಕದ ಬಲ್ಬ್‌ಗಳೊಳಗೆ ನುಗ್ಗಿ ದಾರಿ ಹುಡುಕುತ್ತದೆ. ಇಂಡಿಕೇಟರ್ ಮಿಣುಕುವುದು ಅದಕ್ಕೇ. ಚಾಸಿಯಲ್ಲಿ ಬಣ್ಣ ಕೆರೆದ ಒಂದು ಜಾಗದಿಂದ ತಂತಿ ಎಳೆದು ದೀಪದ ಲೋಹದ ಬುಡಕ್ಕೆ ಮುಟ್ಟಿಸಿದೆ. ಬ್ರೇಕ್ ತುಳಿಯುತ್ತಲೇ ಕೆಂಪು ಬೆಳಕು ಕಣ್ಣು ಕುಕ್ಕಿತು. ಬೋಲ್ಟ್ ಬಿಚ್ಚಿದರೆ ವಾಷರ್ ಅಡಿಯಲ್ಲಿ ಕಂದು ಪುಡಿ ಉದುರಿತು, ತಂತಿಯ ತುದಿ ಹಸಿರುಗಟ್ಟಿತ್ತು.

ದೀಪ ಪೂರ್ತಿ ಸತ್ತಿದ್ದರೆ ಹುಡುಕುವ ದಾರಿ ಬೇರೆ. ಏರ್ ಬ್ರೇಕ್ ಲಾರಿಯಲ್ಲಿ ಬ್ರೇಕ್ ದೀಪದ ಸ್ವಿಚ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಟ್ಯಾಂಕಿನಲ್ಲಿ ಗಾಳಿಯೇ ಇಲ್ಲದಾಗ ಪೆಡಲ್ ತುಳಿದು "ಸ್ವಿಚ್ ಹೋಗಿದೆ" ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಗಾಳಿ ತುಂಬಿಸಿ ತುಳಿದರೂ ದೀಪ ಹತ್ತದಿದ್ದರೆ, ಸ್ವಿಚ್‌ನ ಎರಡು ತಂತಿಗಳನ್ನು ಕೂಡಿಸಿ. ಆಗ ದೀಪ ಹತ್ತಿದರೆ ಮಾತ್ರ ಸ್ವಿಚ್ ಮೇಲೆ ಅನುಮಾನ ಪಡಿ.

ಇನ್ನು ಫ್ಯೂಸ್! ಅದು ಸುಟ್ಟರೆ ತಂತಿ ಎಲ್ಲೋ ಚಾಸಿಗೆ ಉಜ್ಜಿ ಬೆತ್ತಲಾಗಿದೆ ಎಂದೇ ಅನುಮಾನಿಸಬೇಕು. ಅದನ್ನು ಹುಡುಕದೆ ಫ್ಯೂಸ್ ಜಾಗಕ್ಕೆ ತಾಮ್ರದ ಎಳೆ ಸುತ್ತಿದರೆ, ಮುಂದೆ ಸುಡುವುದು ತಂತಿಯೇ, ಅದರ ಜೊತೆಗೆ ಲಾರಿಯೂ.

"ಲೋಡ್ ತಡವಾದರೆ ರೇಟು ಬೀಳುತ್ತದೆ, ಅದನ್ನೆಲ್ಲ ಬಿಚ್ಚಿಕೊಂಡು ಕೂರಲು ಪುರಸೊತ್ತು ಎಲ್ಲಿದೆ?" ಎಂದು ಚಾಲಕ ಕೇಳಿದ. ಟೊಮೆಟೊ ಕಾಯುವುದಿಲ್ಲ, ನಿಜ. ಆದರೆ ಒಂದು ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಬಲ್ಬ್ ಮೇಲೆ ಬಲ್ಬ್ ಬದಲಿಸಿದ ಹೊತ್ತಿಗಿಂತ ಕಡಿಮೆ. ಆ ಲಾರಿ ರಾತ್ರಿಯಿಡೀ ಓಡುವುದು ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನ ಕಡೆಗೆ. ಆಮೇಲೆ ಮೊಗಿಲಿ ಘಾಟಿಯ ಇಳಿಜಾರು. ಅಲ್ಲಿ ಲಾರಿ ನಿಧಾನವಾಯಿತೆಂದು ಹಿಂದೆ ಬರುವ ಬೈಕಿನವನಿಗೆ ಹೇಳುವುದು ಆ ಎರಡು ದೀಪಗಳು ಮಾತ್ರ. ಅವು ಬ್ರೇಕ್ ತುಳಿದಾಗ ಮಂಕಾದರೆ ಅವನು ಏನೆಂದು ತಿಳಿಯಬೇಕು?

ಎಫ್‌ಸಿಗೆ, ಅಂದರೆ ಲಾರಿಯ ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆಗೆ, ಹೋಗುವ ದಿನ ಮಾತ್ರ ದೀಪ ಉರಿಸಿಕೊಳ್ಳುವ ಮಾಲೀಕರ ಮೇಲೆ ನನಗೆ ಇನ್ನೂ ಹೆಚ್ಚು ಕೋಪವಿದೆ. ಎಲೆಕ್ಟ್ರಿಷಿಯನ್ ಹುಡುಗನಿಗೆ ಕಲಿಸಿದವರಿಲ್ಲ ಎನ್ನೋಣ, ಇವರಿಗೆ ಏನೆನ್ನೋಣ?

ಹಳೆಯ ಲಾರಿ ಇಟ್ಟುಕೊಂಡಿರುವ ಗೆಳೆಯರೇ, ಲೋಡ್ ತುಂಬಿಸುವ ಮುನ್ನ ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಫ್ಯೂಸ್ ಬಾಕ್ಸ್‌ನಲ್ಲಿ ತಾಮ್ರದ ಎಳೆ ಕಂಡರೆ ಇವತ್ತೇ ಕಿತ್ತು ಹಾಕಿಸಿ.