ವಹ್ಶಿಯನ್ನು ಅವನು ಅನ್ನಬೇಕೋ, ಅವರು ಅನ್ನಬೇಕೋ

ನಮ್ಮ ಮನೆಯಲ್ಲಿ ವಹ್ಶಿ ಅನ್ನೋದು ಬೈಗುಳ. ಉರ್ದುವಿನಲ್ಲಿ ಆ ಮಾತಿಗೆ ಕ್ರೂರಿ, ಕಾಡುಮೃಗದಂಥವನು ಅಂತ ಅರ್ಥ. ತಮ್ಮನ ಕೈ ಕಚ್ಚಿದರೆ, ಬೆಕ್ಕಿನ ಬಾಲ ಎಳೆದರೆ ದಾದಿಯ, ಅಂದರೆ ಅಬ್ಬಾನ ಅಮ್ಮನ, ಬಾಯಿಂದ ಮೊದಲು ಬರುತ್ತಿದ್ದದ್ದು ಅದೇ. ಹಾಗಾಗಿ ಪ್ರವಾದಿಯವರ ಚಿಕ್ಕಪ್ಪ ಹಝ್ರತ್ ಹಂಝಾರನ್ನು ಕೊಂದವನು ವಹ್ಶಿ ಎಂದು ದಾದಿ ಕಥೆ ಹೇಳುವಾಗ, ಅದೊಂದು ಹೆಸರು ಅಂತ ನನಗೆ ಅನ್ನಿಸಲೇ ಇಲ್ಲ. ಮಾಡಿದ ಕೆಲಸ ನೋಡಿ ಜನ ಹಾಗೆ ಕರೆದಿರಬೇಕು ಅಂದುಕೊಂಡಿದ್ದೆ.

ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು, ಅದು ಹೆಸರೇ. ವಹ್ಶಿ ಬಿನ್ ಹರ್ಬ್. ಅದಕ್ಕಿಂತ ಬೆರಗಾದದ್ದು ಆ ಹೆಸರಿನ ಮುಂದೆ ಇದ್ದ ಪುಟ್ಟ 'ರ' ಅಕ್ಷರ ನೋಡಿ. ರಝಿಯಲ್ಲಾಹು ಅನ್ಹು. ಅಲ್ಲಾಹನು ಅವರನ್ನು ಮೆಚ್ಚಲಿ ಅನ್ನುವ ದುಆ, ಪ್ರಾರ್ಥನೆ ಅದು. ಪ್ರವಾದಿಯವರ ಸಂಗಾತಿಗಳಾದ ಅಬೂಬಕರ್, ಉಮರ್, ಬಿಲಾಲರ ಹೆಸರಿನ ಮುಂದೆ ಇರುವಂಥದ್ದೇ. ಹಂಝಾರ ಹೆಸರಿನ ಮುಂದೆ ಇರುವಂಥದ್ದೇ! ಕೊಂದವರಿಗೂ ಸತ್ತವರಿಗೂ ಒಂದೇ ದುಆ.

ಅವತ್ತಿನಿಂದ ಒಂದು ತೊಡಕು ಶುರುವಾಯಿತು. ಕನ್ನಡದಲ್ಲಿ ಬರೆಯುವಾಗ ವಹ್ಶಿಯನ್ನು ಅವನು ಅನ್ನಲೋ, ಅವರು ಅನ್ನಲೋ? ಅರಬಿಯಲ್ಲಿ ಈ ಕಷ್ಟವಿಲ್ಲ. ಮೊದಲು ಒಂದು ಉಪಾಯ ಹೊಳೆಯಿತು. ಇಸ್ಲಾಂ ಒಪ್ಪುವ ತನಕ ಅವನು, ಆಮೇಲೆ ಅವರು. ಬರೆದು ನೋಡಿದೆ. ಸರಿ ಕಾಣಲಿಲ್ಲ. ಯಾಕೆಂದರೆ ಕಥೆಯ ಮೊದಲ ಭಾಗದಲ್ಲಿ ಅವರೊಬ್ಬ ಗುಲಾಮ. ಅಬಿಸೀನಿಯಾ (ಈಗಿನ ಇಥಿಯೋಪಿಯಾದ ಕಡೆ) ಮೂಲದ ಕಪ್ಪು ಗುಲಾಮ. ಅವರ ಒಡೆಯನಿಗೂ ಆಗ ಇಸ್ಲಾಂ ಇರಲಿಲ್ಲ, ಆದರೂ ನನ್ನ ಕೈ ಒಡೆಯನಿಗೆ ತಾನಾಗಿಯೇ ಬಹುವಚನ ಬರೆದಿತ್ತು. ನಾಚಿಕೆ ಆಯಿತು. ಹಾಗಾಗಿ ಈ ಬರಹದುದ್ದಕ್ಕೂ ವಹ್ಶಿ ಅವರೇ.

ಇನ್ನು ಹಂಝಾರ ಬಗ್ಗೆ ಸ್ವಲ್ಪ ಹೇಳದಿದ್ದರೆ ನಷ್ಟ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರಿಗೆ ಹಂಝಾ ಚಿಕ್ಕಪ್ಪ. ಆದರೆ ವಯಸ್ಸಿನಲ್ಲಿ ಹೆಚ್ಚುಕಡಿಮೆ ಒಂದೇ. ಇಬ್ಬರೂ ಸುವೈಬಾ ಎಂಬ ಒಬ್ಬಳೇ ತಾಯಿಯ ಎದೆಹಾಲು ಕುಡಿದವರು. ಅಂದರೆ ಚಿಕ್ಕಪ್ಪನೂ ಹೌದು, ಹಾಲಿನ ಅಣ್ಣನೂ ಹೌದು, ಗೆಳೆಯನೂ ಹೌದು. ಬೇಟೆ ಅಂದರೆ ಪ್ರಾಣ. ಒಂದು ದಿನ ಬೇಟೆ ಮುಗಿಸಿ ಮಕ್ಕಾಕ್ಕೆ ಬರುವಾಗ, ಇಸ್ಲಾಮಿನ ಕಡುವೈರಿ ಅಬೂಜಹಲ್ ಪ್ರವಾದಿಯವರನ್ನು ಹೀನಾಯವಾಗಿ ಬೈದ ಅಂತ ಹೆಂಗಸೊಬ್ಬಳು ಹೇಳಿದಳು. ಹಂಝಾ ಮನೆಗೂ ಹೋಗಲಿಲ್ಲ. ಸೀದಾ ಕಅಬಾದ ಹತ್ತಿರ ಹೋಗಿ ಕೈಯಲ್ಲಿದ್ದ ಬಿಲ್ಲಿನಿಂದಲೇ ಅಬೂಜಹಲ್‌ನ ತಲೆಗೆ ಬಾರಿಸಿದರು. ಅವರು ಇಸ್ಲಾಂ ಒಪ್ಪಿದ್ದು ಹೀಗೆ, ಕೋಪದಲ್ಲಿ. ಆ ಕಾಲದ ಬಡಪಾಯಿ ಮುಸ್ಲಿಮರಿಗೆ ಅದೆಂಥ ಬಲ ಬಂದಿರಬೇಕು ಯೋಚಿಸಿ. ಅಸದುಲ್ಲಾಹ್, ಅಲ್ಲಾಹನ ಸಿಂಹ ಅಂತ ಅವರನ್ನು ಕರೆಯುವುದು ಸುಮ್ನೆ ಅಲ್ಲ.

624ರಲ್ಲಿ ಮಕ್ಕಾದವರಿಗೂ ಮುಸ್ಲಿಮರಿಗೂ ಬದ್ರ್ ಯುದ್ಧ. ಹಂಝಾ ಎದೆಗೆ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿಕೊಂಡು ಬಂದಿದ್ದರಂತೆ. ಅವತ್ತು ಅವರ ಕೈಯಲ್ಲಿ ಸತ್ತವರಲ್ಲಿ ತುಐಮಾ ಬಿನ್ ಅದೀ ಒಬ್ಬ. ಮಕ್ಕಾದ ಜುಬೈರ್ ಬಿನ್ ಮುತ್ಇಮ್ ಅವರ ಚಿಕ್ಕಪ್ಪ. ಈ ಜುಬೈರ್ ವಹ್ಶಿಯ ಒಡೆಯ. ಅವರು ವಹ್ಶಿಗೆ ಹೇಳಿದ್ದು ಇಷ್ಟು: "ನನ್ನ ಚಿಕ್ಕಪ್ಪನ ಬದಲಿಗೆ ಹಂಝಾನನ್ನು ಕೊಂದರೆ ನೀನು ಸ್ವತಂತ್ರ."

ಇಲ್ಲಿ ಒಂದು ಮಾತು. ಹಿಂದ್ ಎಂಬಾಕೆ ಸುಪಾರಿ ಕೊಟ್ಟು ಕೊಲ್ಲಿಸಿದಳು ಅಂತಲೇ ನಮ್ಮಲ್ಲಿ ಜಾಸ್ತಿ ಜನ ನಂಬಿದ್ದಾರೆ. ಆಕೆಯ ತಂದೆ ಉತ್ಬಾ ಕೂಡ ಬದ್ರ್‌ನಲ್ಲಿ ಸತ್ತಿದ್ದ, ಆಕೆಗೆ ಸೇಡಿತ್ತು, ದಾರಿಯುದ್ದಕ್ಕೂ ವಹ್ಶಿಯನ್ನು ಹುರಿದುಂಬಿಸಿದಳು, ಇದೆಲ್ಲ ಪ್ರವಾದಿಯವರ ಜೀವನಚರಿತ್ರೆ ಹೇಳುವ ಹಳೆಯ ಸೀರಾ ಬರಹಗಳಲ್ಲಿ ಇದೆ. ಆದರೆ ಬಿಡುಗಡೆಯ ಮಾತು ಕೊಟ್ಟದ್ದು ಒಡೆಯ. ಕೊಡಲು ಸಾಧ್ಯವಿದ್ದದ್ದೂ ಅವರಿಗೆ ಮಾತ್ರ. ಬೈಯೋಕೆ ಒಬ್ಬ ಹೆಂಗಸು, ಒಬ್ಬ ಕಪ್ಪು ಗುಲಾಮ ಸಿಕ್ಕಿದರೆ ನಾವು ಮೂರನೆಯವರ ಕಡೆ ನೋಡುವುದೇ ಇಲ್ಲ ಅಲ್ವಾ? ಜುಬೈರ್ ಕೂಡ ಮುಂದೆ ಇಸ್ಲಾಂ ಒಪ್ಪಿದರು, ಸಹಾಬಿ, ಅಂದರೆ ಪ್ರವಾದಿಯವರ ಸಂಗಾತಿ, ಆದರು. ಯಾವ ದಾದಿಯೂ ಅವರ ಹೆಸರು ಹಿಡಿದು ಮಕ್ಕಳನ್ನು ಬೈಯಲಿಲ್ಲ.

625ರಲ್ಲಿ ಉಹುದ್. ಮದೀನಾದ ಹೊರಗೆ, ಉಹುದ್ ಬೆಟ್ಟದ ಬುಡದಲ್ಲಿ. ಮಕ್ಕಾದವರು ಸುಮಾರು 3,000, ಮುಸ್ಲಿಮರು ಸುಮಾರು 700. ಅಬಿಸೀನಿಯಾದವರು ಈಟಿ ಎಸೆಯುವುದರಲ್ಲಿ ನಿಪುಣರು, ವಹ್ಶಿಯ ಗುರಿ ತಪ್ಪುತ್ತಿದ್ದದ್ದೇ ಅಪರೂಪ. ಅವರು ಒಂದು ಬಂಡೆಯ ಹಿಂದೆ ಕುಳಿತು ಕಾದರು. ಹಂಝಾ ಸಿಬಾ ಎಂಬವನ ಜೊತೆ ಹೋರಾಡಿ ಅವನನ್ನು ಮುಗಿಸಿ ಹತ್ತಿರ ಬಂದರು. ಈಟಿ ಹೊಟ್ಟೆಯ ಕೆಳಗೆ ನಾಟಿ ಹಿಂದಿನಿಂದ ಹೊರಬಂತು. ಹಂಝಾ ಅದೇ ಸ್ಥಿತಿಯಲ್ಲಿ ಅವರ ಕಡೆ ಬರಲು ನೋಡಿದರು, ಆಗಲಿಲ್ಲ, ಬಿದ್ದರು. ವಹ್ಶಿ ಹಂಝಾರ ಜೀವ ಹೋಗುವ ತನಕ ಕಾದು, ಈಟಿ ಕಿತ್ತುಕೊಂಡು, ಡೇರೆಗೆ ಹೋಗಿ ಕುಳಿತರು. ಯುದ್ಧ ಇನ್ನೂ ನಡೆಯುತ್ತಿತ್ತು. "ಬೇರೆ ಯಾರಿಂದಲೂ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ" ಅಂತ ಆಮೇಲೆ ಅವರೇ ಹೇಳಿದ್ದಾರೆ. ಮಕ್ಕಾಕ್ಕೆ ಮರಳಿದ ಮೇಲೆ ಬಿಡುಗಡೆ ಸಿಕ್ಕಿತು.

ಆ ದಿನ ಸತ್ತ ಮುಸ್ಲಿಮರು ಸುಮಾರು 70. ಹಂಝಾರ ಮೈಯನ್ನು ಶತ್ರುಗಳು ಕೊಯ್ದು ವಿಕಾರ ಮಾಡಿದ್ದರು. ತಂಗಿ ಸಫಿಯ್ಯಾ ಕಫನ್‌ಗೆ ಅಂತ, ಅಂದರೆ ಶವಕ್ಕೆ ಹೊದಿಸಲು, ಎರಡು ಬಟ್ಟೆ ತಂದರು. ಪಕ್ಕದಲ್ಲೇ ಒಬ್ಬ ಅನ್ಸಾರಿಯ (ಮದೀನಾದ ಮುಸ್ಲಿಮನ) ಮೈ ಬಿದ್ದಿತ್ತು, ಅವರಿಗೆ ಕಫನ್ ಇರಲಿಲ್ಲ. ಅವರಿಗೊಂದು, ಇವರಿಗೊಂದು ಹಾಕಿದರು. ಮದೀನಾಕ್ಕೆ ಮರಳಿದಾಗ ಮನೆಮನೆಯಲ್ಲೂ ಹೆಂಗಸರ ಅಳು. ಪ್ರವಾದಿ(ಸ) ಅದನ್ನು ಕೇಳಿ "ಆದರೆ ಹಂಝಾಗೆ ಅಳುವವರು ಯಾರೂ ಇಲ್ಲ" ಅಂದರಂತೆ. ಈ ಮಾತು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಒಬ್ಬ ಪ್ರವಾದಿಯ ಮಾತಿನ ಹಾಗೆ ಕೇಳಿಸುವುದಿಲ್ಲ ಅದು. ಅಣ್ಣನನ್ನು ಕಳೆದುಕೊಂಡ ತಮ್ಮನ ಮಾತು.

630ರಲ್ಲಿ ಮಕ್ಕಾ ಮುಸ್ಲಿಮರ ಕೈಗೆ ಬಂತು. ವಹ್ಶಿ ತಾಯಿಫ್‌ಗೆ ಓಡಿದರು. ತಾಯಿಫ್‌ನವರೂ ಮದೀನಾಕ್ಕೆ ರಾಯಭಾರಿಗಳನ್ನು ಕಳಿಸಲು ಹೊರಟಾಗ ಓಡಲು ಜಾಗವೇ ಉಳಿಯಲಿಲ್ಲ. ಸಿರಿಯಾಕ್ಕೆ ಹೋಗಲೇ, ಯಮನ್‌ಗೆ ಹೋಗಲೇ ಎಂದು ಯೋಚಿಸುತ್ತಿದ್ದಾಗ, ಪ್ರವಾದಿ ರಾಯಭಾರಿಗಳಿಗೆ ಕೇಡು ಮಾಡುವುದಿಲ್ಲ ಅಂತ ಯಾರೋ ಹೇಳಿದರು. ಹಾಗೆ ಅವರ ಜೊತೆ ಮದೀನಾಕ್ಕೆ ಬಂದು ನಿಂತರು.

ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳ ಬುಖಾರಿ ಸಂಗ್ರಹದಲ್ಲಿ ಮುಂದಿನದ್ದು ನಾಲ್ಕೈದು ಸಾಲು ಅಷ್ಟೇ. ಕೇಳುತ್ತಿರುವುದು ಪ್ರವಾದಿ(ಸ).

"ವಹ್ಶಿ ನೀನೇನಾ?"
"ಹೌದು."
"ಹಂಝಾರನ್ನು ಕೊಂದದ್ದು ನೀನೇನಾ?"
"ನಿಮಗೆ ತಲುಪಿದ ಸುದ್ದಿ ನಿಜ."
"ನಿನ್ನ ಮುಖ ನನಗೆ ಕಾಣದ ಹಾಗೆ ಇರಲು ಸಾಧ್ಯವೇ?"

ವಹ್ಶಿ ಎದ್ದು ಹೊರಗೆ ಹೋದರು.

ಶುಕ್ರವಾರದ ಪ್ರವಚನವಾದ ಜುಮಾ ಬಯಾನ್‌ಗಳಲ್ಲಿ ಈ ಪ್ರಸಂಗ ಕೇಳಿದ್ದೇನೆ. ಹೆಚ್ಚಿನವರು ಕೊನೆಯ ಸಾಲನ್ನು ಬೇಗ ದಾಟಿಬಿಡುತ್ತಾರೆ. "ನೋಡಿ, ಎಂಥವನನ್ನೂ ಮಾಫ್ ಮಾಡಿದರು" ಅಂತ ಮುಂದೆ ಹೋಗುತ್ತಾರೆ. ಇಸ್ಲಾಂ ಬಗ್ಗೆ ಅಸಮಾಧಾನ ಇರುವ ಕೆಲವು ಗೆಳೆಯರು ಅದೇ ಸಾಲನ್ನು ಹಿಡಿದು "ಇದೆಂಥ ಕ್ಷಮೆ?" ಅಂತ ಕೇಳಿದ್ದೂ ಉಂಟು. ನನಗೆ ಇಬ್ಬರದ್ದೂ ಅವಸರ ಅನ್ನಿಸುತ್ತದೆ.

ಅಬ್ಬಾನ ವಿಷಯ ಹೇಳುತ್ತೇನೆ. ಅವರ ಹುಣಸೆಹಣ್ಣಿನ ವ್ಯಾಪಾರದಲ್ಲಿ ಒಬ್ಬರು ಪಾಲುದಾರರಿದ್ದರು. ಹೆಸರು ಬೇಡ. ಲೆಕ್ಕದಲ್ಲಿ ಮೋಸವಾಗಿ ಅಮ್ಮಿಯ ಬಳೆ ಹೋಯಿತು, ನನ್ನ ಅಕ್ಕನ ಓದು ನಿಂತಿತು. ಕೆಲವು ವರ್ಷದ ನಂತರ ಒಂದು ರಂಝಾನ್‌ನಲ್ಲಿ ಅವರು ಮನೆ ಬಾಗಿಲಿಗೆ ಬಂದು ಅತ್ತರು. ಅಬ್ಬಾ ಮಾಫ್ ಮಾಡಿದೆ ಅಂದರು. ಚಹಾ ಕೊಟ್ಟು ಕಳಿಸಿದರು. ಬಾಕಿ ಹಣ ಕೇಳಲಿಲ್ಲ, ಹಿಂದೆ ಆಡಿಕೊಳ್ಳಲಿಲ್ಲ. ಆದರೆ ಮಸೀದಿಯಲ್ಲಿ ಅವರು ಬಲಗಡೆ ನಿಂತರೆ ಅಬ್ಬಾ ಎಡಗಡೆಯ ಕೊನೆಗೆ ಹೋಗುತ್ತಿದ್ದರು. ನಾನಾಗ ಕಾಲೇಜಿನಲ್ಲಿದ್ದೆ, ಎಲ್ಲ ಗೊತ್ತಿರುವ ವಯಸ್ಸು. "ಹಾಗಾದ್ರೆ ಮಾಫ್ ಮಾಡಿದ್ದು ಬರೀ ಬಾಯಿಮಾತಾ ಅಬ್ಬಾ?" ಅಂತ ಕೇಳಿಬಿಟ್ಟೆ. ಅಬ್ಬಾ ಉತ್ತರ ಕೊಡಲಿಲ್ಲ. ಈ ಹದೀಸ್ ನಾನು ಸರಿಯಾಗಿ ಓದುವ ಹೊತ್ತಿಗೆ ಅವರು ಇರಲಿಲ್ಲ.

ಆ ಹೊತ್ತಿಗೆ ಪ್ರವಾದಿ(ಸ) ಮದೀನಾದ ಒಡೆಯರು, ಮಕ್ಕಾ ಕೂಡ ಅವರದ್ದೇ. ಒಂದು ಸನ್ನೆ ಮಾಡಿದ್ದರೆ ವಹ್ಶಿಯ ತಲೆ ಉಳಿಯುತ್ತಿರಲಿಲ್ಲ. ಅವರು ವಹ್ಶಿಗೆ ಜೀವದಾನ ಕೊಟ್ಟರು. ಊರಲ್ಲಿ ಜಾಗ ಕೊಟ್ಟರು. ಎಲ್ಲರ ಹಾಗೆ ನಮಾಝ್ ಮಾಡುವ, ಸಲಾಮ್ ಹೇಳಿಸಿಕೊಳ್ಳುವ ಹಕ್ಕು ಕೊಟ್ಟರು. ತಮಗೆ ಆಗದೇ ಇದ್ದದ್ದು ಒಂದೇ, ಆ ಮುಖ ನೋಡುವುದು. ಅದನ್ನು ಮುಚ್ಚಿಡಲೂ ಇಲ್ಲ. ನಗುನಗುತ್ತಾ ತಬ್ಬಿಕೊಂಡು ಒಳಗೆ ಉರಿದುಕೊಳ್ಳಲಿಲ್ಲ. ಆಜ್ಞೆಯನ್ನೂ ಮಾಡಲಿಲ್ಲ ನೋಡಿ, ಸಾಧ್ಯವೇ ಅಂತ ಕೇಳಿದರು. ದುಃಖ ತಮ್ಮದು, ಅದಕ್ಕೆ ಇನ್ನೊಬ್ಬನ ಸಹಾಯ ಬೇಕು ಅನ್ನುವ ಹಾಗೆ.

ವಹ್ಶಿಯ ಕಡೆಯಿಂದ ನೋಡಿದರೆ? ನನ್ನ ಮಟ್ಟಿಗೆ ಅವರ ಈಮಾನ್, ನಂಬಿಕೆ ಕಾಣುವುದು ಇಲ್ಲಿಯೇ. "ತೌಬಾ ಮಾಡಿದ್ದೇನಲ್ಲ, ಪಶ್ಚಾತ್ತಾಪ ಪಟ್ಟಿದ್ದೇನಲ್ಲ, ಇನ್ನೇನು?" ಅನ್ನಲಿಲ್ಲ. ಒಂದು ಸಲ ಕ್ಷಮೆ ಕೇಳಿ, ಮರುದಿನದಿಂದ ಎಲ್ಲ ಮೊದಲಿನ ಹಾಗೆ ಇರಬೇಕು ಅಂತ ಹಠ ಮಾಡುವ ಎಷ್ಟು ಜನರನ್ನು ನೋಡಿಲ್ಲ ನಾವು! ಆ ಪುಟ್ಟ ಊರಿನಲ್ಲಿ ಪ್ರವಾದಿ ಎಲ್ಲಿದ್ದರೆ ಅಲ್ಲಿಂದ ದೂರ ಸರಿಯುತ್ತಾ ಬದುಕಿದರು. ಯಾರ ಹತ್ತಿರ ಇರಬೇಕೆಂದು ಎಲ್ಲ ಮುಸ್ಲಿಮರೂ ಹಂಬಲಿಸುತ್ತಿದ್ದರೋ ಅವರಿಂದಲೇ ದೂರ. 632ರಲ್ಲಿ ಪ್ರವಾದಿ(ಸ) ತೀರಿಕೊಳ್ಳುವ ತನಕ.

ಅದಾದ ಸ್ವಲ್ಪ ದಿನಕ್ಕೆ ಯಮಾಮಾ ಯುದ್ಧ. ಬನೂ ಹನೀಫಾ ಕುಲದ ಮುಸೈಲಿಮಾ ತಾನೂ ಪ್ರವಾದಿ ಅಂತ ಹೊರಟಿದ್ದ. ಖಲೀಫಾ ಅಬೂಬಕರ್ ಕಳಿಸಿದ ಸೈನ್ಯಕ್ಕೆ ಖಾಲಿದ್ ಬಿನ್ ವಲೀದ್ ದಂಡನಾಯಕ. ಭಯಂಕರ ಯುದ್ಧ ಅದು. ಕುರ್‌ಆನ್ ಬಾಯಿಪಾಠ ಇದ್ದ ಎಷ್ಟೋ ಜನ ಸತ್ತರು, ಆ ಹೆದರಿಕೆಯಲ್ಲೇ ಕುರ್‌ಆನನ್ನು ಒಂದೆಡೆ ಬರೆದಿಡುವ ಕೆಲಸ ಶುರುವಾದದ್ದು. ಉಹುದ್‌ನಲ್ಲಿ ಕತ್ತಿ ಹಿಡಿದು ಪ್ರವಾದಿಯವರನ್ನು ಕಾಯ್ದಿದ್ದ ನುಸೈಬಾ ಎಂಬ ತಾಯಿ ಇಲ್ಲಿ ಒಂದು ಕೈ ಕಳೆದುಕೊಂಡರು. ಅವರ ಮೇಲೆ ಇನ್ನೊಂದು ದಿನ ಬರೆಯಬೇಕು.

ವಹ್ಶಿಯನ್ನು ಯಾರೂ ಕರೆಯಲಿಲ್ಲ. "ಮುಸೈಲಿಮಾನನ್ನು ಕೊಂದರೆ ಹಂಝಾರದ್ದಕ್ಕೆ ಸರಿಯಾದೀತೇನೋ" ಅಂತ ತಾವಾಗಿ ಹೊರಟರು. ಅದೇ ಈಟಿ ತೆಗೆದುಕೊಂಡರು. ಅಷ್ಟು ವರ್ಷ ಅದನ್ನು ಎಸೆಯದೆ ಇಟ್ಟುಕೊಂಡಿದ್ದರಲ್ಲ, ಯಾಕಿರಬಹುದು? ಗೋಡೆಯ ಬಿರುಕಿನಲ್ಲಿ ಮುಸೈಲಿಮಾ ಬೂದಿ ಬಣ್ಣದ ಒಂಟೆಯ ಹಾಗೆ, ತಲೆಗೂದಲು ಕೆದರಿಕೊಂಡು ನಿಂತಿದ್ದ. ಈಟಿ ಎದೆಗೆ ನಾಟಿ ಬೆನ್ನಿನಿಂದ ಹೊರಬಂತು. ಆ ಕ್ಷಣಕ್ಕೇ ಒಬ್ಬ ಅನ್ಸಾರಿ ನುಗ್ಗಿ ಕತ್ತಿಯಿಂದ ತಲೆಗೆ ಹೊಡೆದರು. ಮಾಳಿಗೆಯ ಮೇಲಿಂದ ಒಬ್ಬ ಹುಡುಗಿ ಕೂಗಿಕೊಂಡಳು, "ಅಯ್ಯೋ, ನಮ್ಮ ನಾಯಕನನ್ನು ಕರಿ ಗುಲಾಮ ಕೊಂದುಬಿಟ್ಟ!"

ಬಿಡುಗಡೆಯಾಗಿ ಏಳೆಂಟು ವರ್ಷ ಆಗಿತ್ತು. ಆದರೂ ಗುಲಾಮ.

ನಾನೇ ಕೊಂದೆ ಅಂತ ವಹ್ಶಿ ಎದೆ ತಟ್ಟಿಕೊಳ್ಳಲಿಲ್ಲ. ನಮ್ಮಿಬ್ಬರಲ್ಲಿ ಯಾರ ಏಟಿಗೆ ಸತ್ತನೋ ಅಲ್ಲಾಹನಿಗೇ ಗೊತ್ತು ಅಂದರು. ನನ್ನದೇ ಏಟಾಗಿದ್ದರೆ, ಪ್ರವಾದಿಯ ನಂತರ ಅತ್ಯಂತ ಒಳ್ಳೆಯವರನ್ನು ಕೊಂದದ್ದೂ ನಾನೇ, ಅತ್ಯಂತ ಕೆಟ್ಟವನನ್ನು ಕೊಂದದ್ದೂ ನಾನೇ ಅಂದರು. ಒಂದಕ್ಕೆ ಒಂದು ವಜಾ ಹೋಯಿತು ಅಂತ ಮಾತ್ರ ಅವರು ಹೇಳಿದ ಹಾಗೆ ಕಾಣೆ.

ಕೊನೆಗೆ ಸಿರಿಯಾದ ಹಿಮ್ಸ್‌ನಲ್ಲಿ ನೆಲೆಸಿದರು. ಅಲ್ಲಿ ಅವರು ಕುಡಿಯುತ್ತಿದ್ದರು ಎಂಬ ಮಾತೂ ಹಳೆಯ ಬರಹಗಳಲ್ಲಿ ಇದೆ. ಇದನ್ನು ಬರೆಯಬೇಡ ಅಂತ ಒಬ್ಬ ಗೆಳೆಯ ಹೇಳಿದ. ಸಾವಿರ ವರ್ಷಕ್ಕಿಂತ ಹಿಂದಿನ ಭಕ್ತರೇ ಮುಚ್ಚಿಡದೆ ಬರೆದದ್ದನ್ನು ನಾನ್ಯಾಕೆ ಮುಚ್ಚಿಡಲಿ? ಅವರ ರಾತ್ರಿಗಳು ಹೇಗಿದ್ದವೋ.

ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ಅವರೇ ಬಾಯಿಬಿಟ್ಟು ಹೇಳಿದ್ದರಿಂದ. ಜಾಫರ್ ಬಿನ್ ಅಮ್ರ್ ಮತ್ತು ಉಬೈದುಲ್ಲಾಹ್ ಬಿನ್ ಅದೀ ಎಂಬ ಇಬ್ಬರು ಪ್ರಯಾಣದಲ್ಲಿ ಹಿಮ್ಸ್‌ಗೆ ಬಂದಾಗ ವಹ್ಶಿಯನ್ನು ವಿಚಾರಿಸಿದರು. ಅಗೋ, ಆ ಮನೆಯ ನೆರಳಲ್ಲಿ ಕೂತಿದ್ದಾರೆ ಅಂತ ಜನ ತೋರಿಸಿದರು. ವಯಸ್ಸಾಗಿತ್ತು, ಮೈ ತುಂಬಿದ ತೊಗಲಿನ ಚೀಲದಂತಿತ್ತು. ಉಬೈದುಲ್ಲಾಹ್ ಮುಂಡಾಸಿನ ಬಟ್ಟೆಯನ್ನು ಮುಖಕ್ಕೆ ಸುತ್ತಿಕೊಂಡಿದ್ದರು. ಕಣ್ಣು, ಪಾದ ಎರಡೇ ಕಾಣುತ್ತಿದ್ದವು. ಸಲಾಮ್ ಹೇಳಿ, "ವಹ್ಶಿ, ನಾನು ಯಾರು ಗೊತ್ತಾಯಿತಾ?" ಅಂತ ಕೇಳಿದರು.

ವಹ್ಶಿ ದಿಟ್ಟಿಸಿ ನೋಡಿದರು. "ಇಲ್ಲಪ್ಪಾ, ಗೊತ್ತಾಗಲಿಲ್ಲ" ಅಂದರು. "ಆದರೆ ಅದೀ ಅವರಿಗೆ ಮಕ್ಕಾದಲ್ಲಿ ಒಂದು ಗಂಡುಮಗು ಹುಟ್ಟಿತ್ತು. ಅದಕ್ಕೆ ಹಾಲೂಡುವವಳನ್ನು ಹುಡುಕಿದ್ದು ನಾನು. ತಾಯಿಯ ಜೊತೆ ಹೋಗಿ ಆ ಮಗುವನ್ನು ಎತ್ತಿಕೊಟ್ಟಿದ್ದೆ. ನಿನ್ನ ಪಾದ ನೋಡಿದರೆ ಅದೇ ಪಾದ ನೋಡಿದ ಹಾಗಿದೆ."

ಉಬೈದುಲ್ಲಾಹ್ ಮುಖದ ಬಟ್ಟೆ ಸರಿಸಿದರು. ಹಂಝಾರ ವಿಷಯ ನಮಗೆ ಹೇಳುತ್ತೀರಾ ಅಂತ ಕೇಳಿದರು.

ಹೇಳುತ್ತೇನೆ ಅಂದರು ವಹ್ಶಿ.