ಸ್ಯಾಂಕ್ಷನ್ ಆಯಿತೇ?

ಇಂಗ್ಲಿಷಿನ ‘ಸ್ಯಾಂಕ್ಷನ್’ ಎಂಬ ಕ್ರಿಯಾಪದಕ್ಕೆ ನಿಘಂಟಿನಲ್ಲಿ ಒಪ್ಪಿಗೆ ಕೊಡು ಎಂಬ ಅರ್ಥವೂ ಇದೆ, ದಂಡನೆ ವಿಧಿಸು ಎಂಬ ಅರ್ಥವೂ ಇದೆ. ಪಂಡಿತರಿಗೆ ಇದು ವೈರುಧ್ಯವೆನಿಸಬಹುದು. ಆದರೆ ಗಂಗಾ ಕಲ್ಯಾಣದ ಕೊಳವೆಬಾವಿಗೋ ವಿಧವಾ ವೇತನಕ್ಕೋ ಅರ್ಜಿ ಹಾಕಿ, ಕಚೇರಿಯ ಮೆಟ್ಟಿಲು ಹತ್ತಿಳಿದು ಚಪ್ಪಲಿ ಸವೆಸಿದವರಿಗೆ ಆ ಎರಡು ಅರ್ಥಗಳು ಬೇರೆಬೇರೆ ಎಂದು ತಿಳಿಹೇಳುವುದೇ ಕಷ್ಟ.

ಪದದ ಮೂಲ ಬಹಳ ಮಡಿವಂತ. ಪವಿತ್ರಗೊಳಿಸು, ಮೀರಲಾಗದಂತೆ ವಿಧಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಇದು, ಸಂತರನ್ನು ಕರೆಯುವ ‘ಸೇಂಟ್’ ಎಂಬ ಪದಕ್ಕೆ ದಾಯಾದಿ. ಶಾಸನವನ್ನು ಮೀರಿದವನಿಗೆ ಏನು ಶಿಕ್ಷೆ ಎಂದು ಹೇಳುವ ಭಾಗಕ್ಕೂ ರೋಮನ್ನರು ಇದೇ ಹೆಸರಿಟ್ಟಿದ್ದರಿಂದ, ಅನುಮತಿಯೂ ಬೆತ್ತವೂ ಒಂದೇ ಮನೆಯಲ್ಲಿ ಬೆಳೆದವು. ಕಾಗದದಲ್ಲಿ ಆದ ಸ್ಯಾಂಕ್ಷನ್ನಿನ ಬೆಲೆ ಎಷ್ಟೆಂಬುದನ್ನು ಯುರೋಪು ಬೇಗನೆ ಕಂಡುಕೊಂಡಿತು. ತನ್ನ ರಾಜ್ಯಗಳು ಮಗಳಿಗೂ ಸಲ್ಲುವಂತೆ ಆಸ್ಟ್ರಿಯವನ್ನು ಆಳುತ್ತಿದ್ದ ಚಕ್ರವರ್ತಿ ಆರನೆಯ ಚಾರ್ಲ್ಸ್ 1713ರಲ್ಲಿ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂಬ ರಾಜಶಾಸನ ಹೊರಡಿಸಿ, ಮುಂದೆ ಬಹುಕಾಲ ಆಸ್ಥಾನದಿಂದ ಆಸ್ಥಾನಕ್ಕೆ ಒಪ್ಪಿಗೆ ಬೇಡಿದ. 1740ರ ಅಕ್ಟೋಬರಿನಲ್ಲಿ ಅವನು ಕಣ್ಣುಮುಚ್ಚಿದರೆ, ಡಿಸೆಂಬರಿಗೆಲ್ಲ, ಒಪ್ಪಿಗೆ ಕೊಟ್ಟಿದ್ದ ಪ್ರಷ್ಯದ ದೊರೆಯ ಮಗನೇ ಆ ರಾಜ್ಯಗಳಲ್ಲೊಂದಾದ ಸೈಲೀಷಿಯಕ್ಕೆ ದಂಡು ನುಗ್ಗಿಸಿದ. ಮಂಜೂರಾದ ರಸ್ತೆಯನ್ನು ಊರಿನಲ್ಲಿ ಹುಡುಕುವ ನಮ್ಮವರಿಗೆ ಆ ಮಗಳು ಮರಿಯಾ ಥೆರೇಸಾಳ ಸಂಕಟ ಅರ್ಥವಾದೀತು.

ನಮ್ಮ ಕಡತಗಳಲ್ಲಿ ಸ್ಯಾಂಕ್ಷನ್ನಿಗೆ ‘ಮಂಜೂರು’ ಎನ್ನುತ್ತಾರೆ. ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ಬಂದ ಈ ಪದದ ಮೂಲಾರ್ಥ ‘ನೋಡಲ್ಪಟ್ಟದ್ದು’ ಎಂದಷ್ಟೇ. ನಜರು ಹುಟ್ಟಿದ ಧಾತುವೇ ಇದಕ್ಕೂ ತಾಯಿ. ದೊಡ್ಡವರಿಗೆ ಒಪ್ಪಿಸುವ ಕಾಣಿಕೆಯಾದ ನಜರಾಣೆಯದು ಅರಬ್ಬಿಯಲ್ಲಿ ಬೇರೆಯೇ ಧಾತು ಎಂದು ಬಲ್ಲವರು ಎಚ್ಚರಿಸುತ್ತಾರಾದರೂ, ಕನ್ನಡದ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿದ್ದರಿಂದ ಆಡಳಿತಕ್ಕೆ ಅನುಕೂಲವೇ ಆಗಿದೆ. “ಫೈಲು ನೋಡುತ್ತೇವೆ, ನೀವೂ ಸ್ವಲ್ಪ ನೋಡಿಕೊಳ್ಳಿ” ಎಂಬ ವಾಕ್ಯದಲ್ಲಿ ನೋಡುವುದು ಒಂದು ಕ್ರಿಯೆ, ನೋಡಿಕೊಳ್ಳುವುದು ಇನ್ನೊಂದು ಎಂಬುದನ್ನು ಯಾವ ವ್ಯಾಕರಣದ ಮೇಷ್ಟ್ರೂ ಇಷ್ಟು ಸ್ಪಷ್ಟವಾಗಿ ಕಲಿಸಿರಲಾರರು.

ಪದದ ಎರಡೂ ಅರ್ಥಗಳು ಕೈಕುಲುಕುವುದನ್ನು ಕಣ್ತುಂಬ ಕಾಣಬೇಕೆಂದರೆ 1988ರ ಭ್ರಷ್ಟಾಚಾರ ನಿಗ್ರಹ ಕಾಯ್ದೆಯ 19ನೆಯ ಕಲಮನ್ನು ಓದಬೇಕು. ಲಂಚದ ಆರೋಪ ಹೊತ್ತ ಸರ್ಕಾರಿ ನೌಕರನ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ, ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರ ಪೂರ್ವ ಮಂಜೂರಾತಿ ಇರಬೇಕು. ಅಂದರೆ, ಸ್ಯಾಂಕ್ಷನ್ ಕೊಡುವುದಕ್ಕೆ ಕಾಸು ಕೇಳಿದವನಿಗೆ ಸ್ಯಾಂಕ್ಷನ್ ವಿಧಿಸಲು ಮತ್ತೊಂದು ಸ್ಯಾಂಕ್ಷನ್ ಬೇಕು. ಪ್ರಾಮಾಣಿಕರನ್ನು ಸುಳ್ಳು ದೂರುಗಳಿಂದ ಕಾಪಾಡಲು ಈ ಏರ್ಪಾಡು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ನೆರಳು ಎಲ್ಲರಿಗೂ ಸಮವಾಗಿ ಬೀಳುತ್ತದೆ ಎಂಬುದಷ್ಟೇ ಸಂಗತಿ. 2018ರ ತಿದ್ದುಪಡಿಯು ಈ ತೀರ್ಮಾನವನ್ನು ಮೂರು ತಿಂಗಳಲ್ಲಿ ತಿಳಿಸಲು ‘ಪ್ರಯತ್ನಿಸತಕ್ಕದ್ದು’ ಎನ್ನುತ್ತದೆ. ಕಾನೂನು ಸಲಹೆ ಬೇಕಾದರೆ ಇನ್ನೊಂದು ತಿಂಗಳು. ಅಂಥದ್ದೊಂದು ಕಡತ ಎಲ್ಲಿಯವರೆಗೆ ಬಂತು ಎಂದು ಯಾರಾದರೂ ವಿಚಾರಿಸಲು ಹೋದರೆ, ಗುಮಾಸ್ತರು ತಲೆಯೆತ್ತದೆ ಹೇಳುತ್ತಾರೆ: “ಸಾಹೇಬರು ಇನ್ನೂ ನೋಡಿಲ್ಲ.”