ಅಂಕ ಇಳಿಸಿದರೆ ಎರೆ ಮಣ್ಣು ಗಟ್ಟಿಯಾಗುವುದಿಲ್ಲ

ಹುಬ್ಬಳ್ಳಿ-ಧಾರವಾಡದ ಕಡೆ ರಸ್ತೆ, ಒಳಚರಂಡಿ ಕೆಲಸ ಮಾಡಿಸಿದವರಿಗೆಲ್ಲ ನಮ್ಮ ಎರೆ ಮಣ್ಣು ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮಳೆಗೆ ಮುಂಚೆ ಪೈಪ್ ಹಾಕಿ, ಗುಂಡಿ ಮುಚ್ಚಿ, ರೋಲರ್ ಹೊಡೆಸದಿದ್ದರೆ ಇಡೀ ಓಣಿ ಕೆಸರು. ಶಾಲೆಗೆ ಹೋಗೋ ಮಕ್ಕಳು, ಸ್ಕೂಟರ್ ಮೇಲೆ ಬರೋ ಹೆಣ್ಣುಮಕ್ಕಳು ಅದರಲ್ಲೇ ಓಡಾಡಬೇಕು. ಆದರೂ ಕೆಲಸ ತಡವಾದಾಗ ರಿಪೋರ್ಟಿನಲ್ಲಿ ‘ಅನಿರೀಕ್ಷಿತ ಮಳೆ’ ಅಂತ ಬರುತ್ತದೆ. ಜೂನ್ ತಿಂಗಳ ಮಳೆ ಅನಿರೀಕ್ಷಿತ ಹೇಗಾಗುತ್ತದೆ?

ಇದು ರಿಸ್ಕ್ ರಿಜಿಸ್ಟರ್‌ನಲ್ಲೇ, ಅಂದರೆ ಕೆಲಸಕ್ಕೆ ಏನೇನು ಅಪಾಯ ಬರಬಹುದು ಅಂತ ಬರೆದಿಡುವ ಪಟ್ಟಿಯಲ್ಲೇ, ಶುರುವಾಗುತ್ತದೆ. ಪ್ರತಿ ಅಪಾಯಕ್ಕೆ ಎರಡು ಅಂಕ: ಆಗುವ ಸಾಧ್ಯತೆ ಎಷ್ಟು, ಆದಲ್ಲಿ ಬೀಳುವ ಪೆಟ್ಟು ಎಷ್ಟು. ಎರಡನ್ನೂ ಗುಣಿಸಬೇಕು. ನಾನು ಕೆಲಸ ಮಾಡಿದ ಒಂದು ಕಡೆ 12 ದಾಟಿದರೆ ಹೆಡ್ ಆಫೀಸಿಗೆ ಹೋಗಬೇಕಿತ್ತು. ಸೈಟ್ ಎಂಜಿನಿಯರ್ ಹುಡುಗ ಮಳೆ ಬರುವ ಸಾಧ್ಯತೆಗೆ 4, ಅದು ಕೊಡುವ ಪೆಟ್ಟಿನ ಲೆಕ್ಕಕ್ಕೆ 5 ಹಾಕಿದ್ದ. ಅಂದರೆ 20. ಮೀಟಿಂಗಿಗೆ ಬರೋ ಹೊತ್ತಿಗೆ ಆ 4 ಹೋಗಿ 2 ಆಗಿತ್ತು. ಒಟ್ಟು 10. ಹೆಡ್ ಆಫೀಸಿಗೆ ಹೋಗೋ ಪ್ರಶ್ನೆಯೇ ಇಲ್ಲ. ಅದೇ ಮಣ್ಣು, ಅದೇ ಆಕಾಶ, ಪೈಪ್ ಲಾರಿ ಇನ್ನೂ ಬಂದಿಲ್ಲ. ಬದಲಾಗಿದ್ದು ಅಂಕ ಮಾತ್ರ.

ಆ ಪೈಪಿನ ವಿಷಯವನ್ನೂ ‘ತಡವಾಗಬಹುದು’ ಅಂತ ರಿಸ್ಕ್ ಪಟ್ಟಿಯಲ್ಲೇ ಬರೆದಿದ್ದರು. ಬರಬೇಕಾದ ತಾರೀಖು ಆಗಲೇ ದಾಟಿತ್ತು. ಆಗಿಹೋದದ್ದನ್ನು ಆಗಬಹುದು ಅಂತ ಬರೆಯೋದು ಸುಳ್ಳೇ.

ಹುಡುಗನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ರಿವ್ಯೂನಲ್ಲಿ ಬಾಯಿ ತೆರೆದರೆ ದೊಡ್ಡ ಸಾಹೇಬರು, "ಸಮಸ್ಯಾ ಹೇಳಬ್ಯಾಡ್ರಿ, ಯಾವಾಗ ಮುಗಸ್ತೀರಿ ಅದನ್ನ ಹೇಳ್ರಿ" ಅನ್ನುತ್ತಾರೆ. ಅಷ್ಟಾದ ಮೇಲೆ ಯಾರು ನಿಜ ಹೇಳ್ತಾರೆ? "ಆಗತೈತಿ ಬಿಡ್ರಿ ಸರ್" ಅಂತ ಎಲ್ಲರೂ ಚಾ ಕುಡಿದು ಎದ್ದು ಬರುತ್ತಾರೆ.

ದೊಡ್ಡ ಕಡೆಯೂ ಹೀಗೇ ಆಗಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಒಡೆದುಹೋಯಿತು. ಅದರಲ್ಲಿದ್ದ 7 ಜನರೂ ಸತ್ತರು. ಹಿಂದಿನ ರಾತ್ರಿಯೇ ರಾಕೆಟ್ ಕಂಪನಿಯ ಎಂಜಿನಿಯರ್‌ಗಳು, ಇಷ್ಟು ಚಳಿಯಲ್ಲಿ ರಬ್ಬರ್ ಸೀಲ್ ಮೇಲೆ ಭರವಸೆ ಇಡೋಕಾಗಲ್ಲ, ಹಾರಿಸಬೇಡಿ ಅಂದಿದ್ದರು. ಅವರ ಮ್ಯಾನೇಜರ್‌ಗಳು ಆ ಮಾತು ತಳ್ಳಿಹಾಕಿ ಒಪ್ಪಿಗೆ ಕೊಟ್ಟರು. ನಾಸಾದಲ್ಲಿ ಕೊನೆಯ ತೀರ್ಮಾನ ಮಾಡುವವರಿಗೆ ಇಂಥ ವಾದ ನಡೆದಿದೆ ಅನ್ನೋದೇ ಗೊತ್ತಿರಲಿಲ್ಲ. ತನಿಖೆಯಲ್ಲಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಕಂಡುಕೊಂಡದ್ದು ಇನ್ನೂ ಕೆಟ್ಟದ್ದು. ನೌಕೆ ಕಳೆದುಕೊಳ್ಳೋ ಸಾಧ್ಯತೆ ಎಂಜಿನಿಯರ್‌ಗಳ ಲೆಕ್ಕದಲ್ಲಿ ಸುಮಾರು 100ಕ್ಕೆ 1, ಮೇಲಿನವರ ಲೆಕ್ಕದಲ್ಲಿ 1,00,000ಕ್ಕೆ 1. ನಮ್ಮ ಗುಂಡಿ ಸಣ್ಣದಿರಬಹುದು. ಮಾತು ಮೇಲೆ ಹೋಗ್ತಾ ಹೋಗ್ತಾ ಮೆತ್ತಗಾಗುವ ರೀತಿ ಒಂದೇ.

ಇನ್ನೊಂದು ಕಡೆಯೂ ಇದೆ. ನಾಳೆ ತಮ್ಮ ಮೇಲೆ ಬರಬಾರದು ಅಂತ ಪಟ್ಟಿಯಲ್ಲಿರೋ ಎಲ್ಲದಕ್ಕೂ ‘ದೊಡ್ಡ ಅಪಾಯ’ ಅಂತ ಕೆಂಪು ಬಣ್ಣ ಹಚ್ಚಿ ಕೊಡೋರಿದ್ದಾರೆ. ಅದೂ ಪ್ರಾಮಾಣಿಕತೆ ಅಲ್ಲ. ನಲವತ್ತು ಕೆಂಪು ಸಾಲಿನ ನಡುವೆ ನಿಜವಾದ ಅಪಾಯ ಯಾರ ಕಣ್ಣಿಗೂ ಬೀಳಲ್ಲ.

ರಿವ್ಯೂ ಮಾಡುವ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟೇ. ಸೈಟಿನಿಂದ ಬಂದ ಮೊದಲ ಅಂಕ ಅಳಿಸಬೇಡಿ. ಪಕ್ಕದಲ್ಲಿ ಹೊಸ ಅಂಕ, ಬದಲಿಸಿದವರ ಹೆಸರು, ಯಾಕೆ ಬದಲಿಸಿದರು ಅನ್ನೋದು ಇರಲಿ. ಒಂದೇ ತಾರೀಖು ಕೇಳಬೇಡಿ. ಎಲ್ಲ ಸರಿಹೋದರೆ ಯಾವಾಗ, ಹೋಗದಿದ್ದರೆ ಯಾವಾಗ ಅಂತ ಎರಡು ಕೇಳಿ. ಮೀಟಿಂಗಿನಲ್ಲಿ ಮೊದಲು ಮಾತಾಡುವ ಅವಕಾಶ ಸೈಟಿನ ಹುಡುಗನಿಗೆ ಕೊಡಿ. ಅವನು ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು, ನೀವೂ ಸೇರಿ.